ದೋಣಿಯಲ್ಲಿ ಉಳಿದವರು

"ಒಬ್ಬ ಗಂಡನನ್ನ ಮನೇಲಿ ನಿಲ್ಲಿಸ್ಕೊಳ್ಳೋ ಯೋಗ್ಯತೆ ಇಲ್ವಲ್ಲೇ ನಿಂಗೆ! ನೀನೂ ಒಂದು ಹೆಣ್ಣಾ?"

ಸಮಾಧಾನಮ್ಮ ತಟ್ಟೆ ತಳ್ಳಿದ ರಭಸಕ್ಕೆ ಬಿಸಿ ಸಾರು ಮೇಜಿನ ಅಂಚಿನಿಂದ ಸುರಿದು ಸೊಸೆಯ ಸೀರೆಯನ್ನು ನೆನೆಸಿತು. ಮಧುಮತಿ ಹಿಂದೆ ಸರಿಯಲಿಲ್ಲ. ಸುಡುತ್ತಿದ್ದ ಮೊಣಕಾಲಿಗಿಂತ, ಎದುರಿಗೆ ಕುಳಿತು ಕಲಸಿದ ಅನ್ನವನ್ನು ಕೈಯಲ್ಲೇ ಹಿಡಿದು ಗಾಬರಿಯಿಂದ ನೋಡುತ್ತಿದ್ದ ಹನ್ನೆರಡು ವರ್ಷದ ಮಗಳು ಇಂಚರಳ ಮುಖವೇ ಅವಳನ್ನು ಹೆಚ್ಚು ಸುಟ್ಟಿತು.

ಅದು ಭಾನುವಾರ. ಜಯನಗರದ ಚರ್ಚಿನಲ್ಲಿ ಆರಾಧನೆ ಮುಗಿಸಿಕೊಂಡು ಕುಮಾರಸ್ವಾಮಿ ಲೇಔಟ್‌ನ ಮನೆಗೆ ಬಂದು ನಾಲ್ವರೂ ಊಟಕ್ಕೆ ಕುಳಿತಿದ್ದಾಗ ಮಧುಮತಿಯ ಗಂಡ ಜಯಶೀಲ ಆ ಸುದ್ದಿ ಹೇಳಿದ್ದ. ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ, ಬುಧವಾರ ಹನೂರಿಗೆ ಹೊರಡುತ್ತೇನೆ. ಅಲ್ಲಿ ಕಾಡಿನ ಅಂಚಿನಲ್ಲಿ, ದಿಕ್ಕಿಲ್ಲದ ರೋಗಿಗಳಿಗಾಗಿ ವಯಸ್ಸಾದ ಒಬ್ಬ ಡಾಕ್ಟರು ನಡೆಸುವ ಆಶ್ರಮದಲ್ಲಿ ಸೇವೆಗೆ ನಿಲ್ಲುತ್ತೇನೆ. ಸದ್ಯಕ್ಕೆ ಆರು ತಿಂಗಳು...

"ಅಮ್ಮ, ಅವಳನ್ನ ಯಾಕೆ ಬೈತೀಯ? ಇದು ನನ್ನ ತೀರ್ಮಾನ. ಕರ್ತನೇ ಕರೀತಿದಾನೆ ಅಂತ ಅನ್ನಿಸ್ತಿದೆ. ಹೇಗೆ ಕೂತಿರ್ಲಿ ಹೇಳು?"

"ಕರ್ತನು ಕರೆದನಂತೆ! ಇಪ್ಪತ್ತೆಂಟು ವರ್ಷ ವಿಧವೆಯಾಗಿ ನಿನ್ನ ಸಾಕಿದೀನಲ್ಲ, ನಾನು ಕರೆದಿದ್ದು ಒಂದಿನಾನಾದ್ರೂ ಕೇಳಿಸ್ತೇನೋ ನಿಂಗೆ?" ಎನ್ನುತ್ತಾ ಸಮಾಧಾನಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬುಧವಾರ ಬೆಳಿಗ್ಗೆ ಮಗ ಬಾಗಿಲ ಹೊರಗೆ ಮೊಣಕಾಲೂರಿ, "ಅಮ್ಮ, ಒಂದು ಪ್ರಾರ್ಥನೆ ಮಾಡಿ ಕಳ್ಸು" ಎಂದು ಬೇಡಿಕೊಂಡಾಗಲೂ ಆ ಬಾಗಿಲು ತೆರೆಯಲಿಲ್ಲ.

ಅತ್ತೆಗೆ ಗೊತ್ತಿಲ್ಲದ ಒಂದು ಸಂಗತಿ ಮಧುಮತಿಯ ಎದೆಯಲ್ಲಿತ್ತು. ಜಯಶೀಲ ಈ ಮಾತನ್ನು ಮೊದಲು ಹೇಳಿದ್ದು ಅವಳಿಗೇ. ಬನ್ನೇರುಘಟ್ಟ ರಸ್ತೆಯ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ಅವನು ನರ್ಸ್ ಆಗಿದ್ದ. ರೋಗಿಗಳೆಲ್ಲ ಅವನನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಕೊರೊನಾದ ಎರಡನೇ ಅಲೆಯಲ್ಲಿ ವಯಸ್ಸಾದವರೊಬ್ಬರು ಅವನ ಗ್ಲೌಸ್ ಹಾಕಿದ ಕೈಯನ್ನು ಮೂರು ಗಂಟೆ ಬಿಡದೆ ಹಿಡಿದುಕೊಂಡು, ಐದು ನಿಮಿಷಕ್ಕೊಮ್ಮೆ "ಇದೀರಾ ಬ್ರದರ್?" ಎಂದು ಕೇಳಿ ಕೇಳಿಯೇ ಪ್ರಾಣ ಬಿಟ್ಟಿದ್ದರು. ಅವರ ಮನೆಯವರು ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ನಿಂತಿದ್ದರು. ಅಂದಿನಿಂದ ಅವನಿಗೆ ಮನೆಯ ಊಟ ರುಚಿಸುತ್ತಿರಲಿಲ್ಲ. ಯಾರೂ ಇಲ್ಲದೆ ಸಾಯುವವರ ಪಕ್ಕದಲ್ಲಿ ಯಾರಾದರೊಬ್ಬರು ಇರಬೇಕು ಎನ್ನುವ ಒಂದೇ ಮಾತು ಅವನನ್ನು ಕೊರೆಯುತ್ತಿತ್ತು. ಹನೂರಿನ ಡಾಕ್ಟರು ಚರ್ಚಿಗೆ ಬಂದು ತಮ್ಮ ಆಶ್ರಮದ ಬಗ್ಗೆ ಮಾತಾಡಿದ ದಿನ ಅವನು ಮಧುಮತಿಯನ್ನು ಯಡಿಯೂರು ಕೆರೆಯ ಪಾರ್ಕಿಗೆ ಕರೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿಕೊಂಡಿದ್ದ. "ನೀನು ಹ್ಞೂ ಅಂದ್ರೆ ಮಾತ್ರ ಹೋಗ್ತೀನಿ ಮಧು. ಬೇಡ ಅಂದ್ರೆ ಇನ್ಯಾವತ್ತೂ ಈ ಮಾತು ಎತ್ತಲ್ಲ."

ದೇವರು ಕರೆದವನನ್ನು ತಡೆಯಲು ತಾನು ಯಾರು? ಬೇಡ ಎಂದುಬಿಟ್ಟರೆ, ಮನೆಯಲ್ಲೇ ಇದ್ದೂ ಇಲ್ಲದಂತಾದ ಗಂಡನ ಮುಖವನ್ನು ಜೀವನವಿಡೀ ನೋಡುವುದು ಹೇಗೆ? ಅವಳು ಹ್ಞೂ ಎಂದಿದ್ದಳು. ಆ ಒಂದು ಹ್ಞೂಕಾರದ ಭಾರ ಎಷ್ಟೆಂದು ಆಗ ಅವಳಿಗೆ ತಿಳಿದಿರಲಿಲ್ಲ!

ಆರು ತಿಂಗಳು ಒಂದು ವರ್ಷವಾಯಿತು. ಒಂದು ವರ್ಷ ಎರಡಾಯಿತು. ಜಯಶೀಲ ಎರಡು ತಿಂಗಳಿಗೊಮ್ಮೆ ಬಂದು ಒಂದು ದಿನ ಇದ್ದು, ಮಗಳ ತಲೆ ಸವರಿ, ಮಾತಾಡದ ತಾಯಿಯ ಪಾದ ಮುಟ್ಟಿ ಹಿಂದಿರುಗುತ್ತಿದ್ದ. ಮಧುಮತಿ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿ ಸೇರಿಕೊಂಡಳು. ಬೆಳಿಗ್ಗೆ ಅಡಿಗೆ ಮುಗಿಸಿ, ಇಂಚರಳನ್ನು ಸ್ಕೂಟರಿನಲ್ಲಿ ಬಿಟ್ಟು ಶಾಲೆಗೆ ಓಡಬೇಕು. ಸಂಜೆ ಬಂದರೆ ಅತ್ತೆಯ ಕೊಂಕು ಕಾದಿರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ, ನಲ್ಲಿ ಸೋರಿದರೂ, ನೆಂಟರ ಮದುವೆಗೆ ಹೋಗಲಾಗದಿದ್ದರೂ ಎಲ್ಲ ಮಾತೂ ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ನನ್ನ ಮಗನನ್ನ ಓಡಿಸ್ದವಳು." ಚರ್ಚಿನ ಹೆಂಗಸರ ಕೂಟದಲ್ಲೂ ಅದನ್ನೇ ಹೇಳಿಕೊಂಡು ಕಣ್ಣೊರೆಸಿಕೊಂಡರಂತೆ. ಮಧುಮತಿ ಎದುರುತ್ತರ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಹೋಗಿ ಎಂದದ್ದು ನಿಜವಾಗಿಯೂ ಅವಳೇ ಅಲ್ಲವೇ!

ವಿಚಿತ್ರವೆಂದರೆ, ಅದೇ ಚರ್ಚಿನಲ್ಲಿ ಪಾದ್ರಿ ಅಯ್ಯನವರು ಪ್ರಸಂಗ ಮಾಡುವಾಗ ಜಯಶೀಲನ ಹೆಸರನ್ನು ಹೆಮ್ಮೆಯಿಂದ ಎತ್ತುತ್ತಿದ್ದರು. ಬಲೆಗಳನ್ನು ಬಿಟ್ಟು ಕರ್ತನ ಹಿಂದೆ ಹೊರಟ ಬೆಸ್ತರಂತೆ ನಮ್ಮ ಸಭೆಯ ಒಬ್ಬ ಸಹೋದರನೂ ಎಲ್ಲವನ್ನೂ ಬಿಟ್ಟು ಹೊರಟಿದ್ದಾನೆ ಎನ್ನುತ್ತಿದ್ದರು. ಆಗ ಸಾಲುಸಾಲು ತಲೆಗಳು ಮಧುಮತಿಯತ್ತ ತಿರುಗುತ್ತಿದ್ದವು. ಅವಳು ಕಿರುನಗೆ ನಕ್ಕು ತಲೆ ತಗ್ಗಿಸುತ್ತಿದ್ದಳು. 'ಎಲ್ಲವನ್ನೂ' ಎಂದರಲ್ಲ, ಆ ಎಲ್ಲದರಲ್ಲಿ ತಾನೂ ಒಬ್ಬಳು, ಇಂಚರಳೂ ಒಬ್ಬಳು ಎಂಬುದು ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ಸಂಡೇ ಸ್ಕೂಲಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವುದು ಮಧುಮತಿಯ ಕೆಲಸ. ಒಂದು ವಾರ ಅದೇ ಕಥೆ ಬಂತು. ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ತಂದೆ ಜೆಬೆದಾಯನ ಜೊತೆ ದೋಣಿಯಲ್ಲಿ ಕುಳಿತು ಹರಿದ ಬಲೆ ಸರಿಮಾಡುತ್ತಿದ್ದದ್ದು, ಯೇಸು ದಡದಿಂದ ಕರೆದದ್ದು, ಇಬ್ಬರೂ ತಂದೆಯನ್ನು ದೋಣಿಯಲ್ಲೇ ಬಿಟ್ಟು ಆ ಕ್ಷಣವೇ ಹಿಂಬಾಲಿಸಿದ್ದು. ಕಥೆ ಮುಗಿಯುತ್ತಲೇ ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿ ಕೇಳಿದಳು. "ಟೀಚರ್, ಆಮೇಲೆ ಅವ್ರಪ್ಪ ಒಬ್ರೇ ಏನ್ಮಾಡಿದ್ರು? ದೋಣಿನ ಯಾರು ದಡಕ್ಕೆ ಎಳೆದ್ರು?"

ಮಧುಮತಿ ಮಡಿಲಲ್ಲಿದ್ದ ಬೈಬಲಿನ ಆ ಪುಟವನ್ನು ಮತ್ತೆ ನೋಡಿದಳು. ಇಷ್ಟು ವರ್ಷ ಆ ಕಥೆ ಓದಿದ್ದಾಳೆ, ಕೇಳಿದ್ದಾಳೆ, ಕಲಿಸಿದ್ದಾಳೆ. ಆ ಮುದುಕನ ಮುಖವನ್ನು ಒಮ್ಮೆಯೂ ನೆನೆಸಿಕೊಂಡಿರಲಿಲ್ಲ. ಹೊರಟವರ ಹೆಸರು ಮುಂದೆ ಎಷ್ಟು ಸಲ ಬರುತ್ತದೆ! ದೋಣಿಯಲ್ಲಿ ಉಳಿದವನು ಅಳುತ್ತಾ ಕೂತನೋ, ಸಿಟ್ಟಾದನೋ, ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ, ಸುವಾರ್ತೆಯಲ್ಲಿ ಒಂದಕ್ಷರವೂ ಇಲ್ಲ. "ಗೊತ್ತಿಲ್ಲಮ್ಮ" ಎಂದಳು ಮೆಲ್ಲಗೆ. "ಬರೆದಿಲ್ಲ."

ಮೂರನೇ ವರ್ಷದ ಜೂನ್ ತಿಂಗಳಲ್ಲಿ ಸಮಾಧಾನಮ್ಮ ಬಚ್ಚಲಮನೆಯಲ್ಲಿ ಕುಸಿದು ಬಿದ್ದರು. ಲಕ್ವ. ಬಲಗೈ, ಬಲಗಾಲು ಸತ್ತಂತಾದವು. ಸಕ್ಕರೆ ಕಾಯಿಲೆಯಿಂದ ಮೊದಲೇ ಮಬ್ಬಾಗಿದ್ದ ಕಣ್ಣು ಪೂರಾ ಮಂಜಾಯಿತು. ಅಷ್ಟು ಚೂಪಾಗಿದ್ದ ನಾಲಿಗೆಯಲ್ಲಿ ನಾಲ್ಕೈದು ಮಾತು ಉಳಿದವು... "ನೀರು", "ನೋವು", "ಬೇಡ", ಮತ್ತೆ "ಜಯಾ".

ಜಯಶೀಲ ಓಡಿ ಬಂದ. ಐದು ದಿನ ತಾಯಿಯ ಮಂಚ ಬಿಟ್ಟು ಅಲುಗಲಿಲ್ಲ. ಹೊರಳಿಸುವುದು, ಒರೆಸುವುದು, ಚಮಚದಲ್ಲಿ ಗಂಜಿ ಕುಡಿಸುವುದು ಎಲ್ಲವನ್ನೂ ಹೆಂಡತಿಗೆ ಸಾವಧಾನವಾಗಿ ಕಲಿಸಿಕೊಟ್ಟ. ಅವನು ಕಲಿಸುತ್ತಿರುವ ರೀತಿ ನೋಡಿಯೇ ಮಧುಮತಿಗೆ ಅರ್ಥವಾಯಿತು. ಇರುವವನು ಕಲಿಸುವುದಿಲ್ಲ, ಹೊರಡುವವನು ಕಲಿಸುತ್ತಾನೆ. ಆರನೆಯ ದಿನ ಅವನು ಬಟ್ಟೆ ಮಡಚಲು ಕುಳಿತಾಗ ಅಷ್ಟು ದಿನ ತಡೆದಿದ್ದ ಕಟ್ಟೆ ಒಡೆಯಿತು.

"ಹೊರಟ್ರಾ?"

"ಅಲ್ಲಿ ಇಪ್ಪತ್ತೆರಡು ಜನ ಇದಾರೆ ಮಧು. ಡಾಕ್ಟ್ರಿಗೆ ಎಪ್ಪತ್ತೆಂಟು ವಯಸ್ಸು. ನಾನಿಲ್ದಿದ್ರೆ ಡ್ರೆಸ್ಸಿಂಗ್ ಮಾಡೋರೂ ಇಲ್ಲ."

"ಇಲ್ಲಿ ಒಬ್ರಿದಾರಲ್ಲ ರೀ! ನಿಮ್ಮನ್ನ ಹೆತ್ತವರು. ಇಪ್ಪತ್ತೆರಡರ ಮುಂದೆ ಒಂದು ಸಣ್ಣ ಲೆಕ್ಕಾನಾ?"

"ಹಾಗಲ್ಲ... ಅಮ್ಮಂಗೆ ನೀನಿದೀಯ. ಅವರಿಗೆ ಯಾರೂ ಇಲ್ಲ." ಅವನು ಇನ್ನೊಂದು ಅಂಗಿ ಎತ್ತಿಕೊಂಡು ಮಡಚತೊಡಗಿದ. "ನೇಗಿಲಿಗೆ ಕೈ ಹಾಕಿದವನು ಹಿಂದೆ ತಿರುಗಿ ನೋಡಬಾರದು ಅಂತ ಕರ್ತನೇ ಹೇಳಿದಾನಲ್ಲ ಮಧು. ನಾನು ಪ್ರತಿ ಸಲ ಬಸ್ ಹತ್ತುವಾಗಲೂ ತಿರುಗಿ ನೋಡ್ತೀನಿ. ನಾನು ಯೋಗ್ಯನೇ ಅಲ್ವೇನೋ ಅನ್ಸುತ್ತೆ..."

"ನನಗೂ ಓದೋಕೆ ಬರುತ್ತೆ." ಮಧುಮತಿ ಕಣ್ಣೊರೆಸಿಕೊಂಡಳು. "ಆ ಬೆಸ್ತ ಪೇತ್ರನನ್ನ ಕರೆದ ಮೇಲೆ ಯೇಸು ಮೊದಲು ಹೋಗಿದ್ದು ಯಾರ ಮನೆಗೆ ರೀ? ಪೇತ್ರನ ಮನೆಗೆ ತಾನೇ? ಅಲ್ಲಿ ಅವನ ಅತ್ತೆ ಜ್ವರ ಬಂದು ಮಲಗಿದ್ಲು. ಕೈ ಹಿಡಿದು ಎಬ್ಬಿಸಿದ. ಆಮೇಲೇ ಊರು ಸುತ್ತೋಕೆ ಹೊರಟಿದ್ದು. ಆ ಮನೇಲಿ ಕಾಯಿಲೆ ಬಿದ್ದವರನ್ನ ಹಾಗೇ ದಾಟ್ಕೊಂಡು ಹೋಗ್ಲಿಲ್ಲ ಅವನು!"

ಜಯಶೀಲ ಮಡಚುತ್ತಿದ್ದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಲವತ್ತು ದಾಟಿದ ಗಂಡಸು ಹೀಗೆ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ. ಅವನು ತಲೆ ಎತ್ತದೆಯೇ ಕೇಳಿದ. "ನೀನು ಇರು ಅಂದ್ರೆ ಇರ್ತೀನಿ. ಹೇಳು."

ಮತ್ತೆ ಅದೇ ಮಾತು! ತೀರ್ಮಾನದ ಮೂಟೆಯನ್ನು ತಂದು ತನ್ನ ಹೆಗಲಿಗೇ ಇಳಿಸುವ ಅದೇ ಮೆಲುಮಾತು. 'ಇರಿ' ಎಂದರೆ ಆ ಇಪ್ಪತ್ತೆರಡು ಜನರ ಹುಣ್ಣು ತನ್ನ ಮೈಗೆ ಅಂಟಿಕೊಳ್ಳುತ್ತದೆ. 'ಹೋಗಿ' ಎಂದರೆ ಈ ಮಂಚ. ಮಧುಮತಿ ಎದ್ದು ಅಡಿಗೆಮನೆಗೆ ಹೋಗಿ ದಾರಿಗೆ ಚಪಾತಿ ಕಟ್ಟತೊಡಗಿದಳು. ಅವನಿಗೆ ಉತ್ತರ ಸಿಕ್ಕಿತು. ಅವನು ಹೊರಟ.

ಮುಂದಿನ ಹದಿನಾಲ್ಕು ತಿಂಗಳು ಅವಳ ಬದುಕು ಆ ಮಂಚದ ಸುತ್ತಲೇ ಸುತ್ತಿತು. ಬೆಳಿಗ್ಗೆ ಐದಕ್ಕೆ ಎದ್ದು ಅತ್ತೆಯನ್ನು ಶುಚಿ ಮಾಡಿ, ಬೆನ್ನಿಗೆ ಪೌಡರ್ ಹಾಕಿ, ಗಂಜಿ ಕುಡಿಸಿ ಶಾಲೆಗೆ ಹೋಗುವಳು. ಹಗಲಲ್ಲಿ ಕೆಳಗಿನ ಮನೆಯ ಈಶ್ವರಮ್ಮ ನೋಡಿಕೊಳ್ಳುತ್ತಿದ್ದರು. ಹಿಂದೆ ಆ ಲೇಔಟ್ ಹೊಲವಾಗಿದ್ದಾಗಿನಿಂದ ಅಲ್ಲೇ ಬೆಳೆದ ಹೆಂಗಸು. ಹಣೆ ತುಂಬ ಕುಂಕುಮ, ಬಾಯಿ ತುಂಬ ಮಾತು. "ನಿಮ್ಮತ್ತೆ ಮಾತಾಡ್ತಿದ್ದಾಗ ನಂಗೂ ನಾಲ್ಕು ಅಂದವರೇ. ಈಗ ನೋಡು, ನನ್ನ ಸೆರಗು ಹಿಡ್ಕೊಂಡ್ರೆ ಬಿಡಲ್ಲ" ಎಂದು ನಗುತ್ತಿದ್ದರು. ಮಧುಮತಿಯನ್ನು ಮಾತ್ರ ಸಮಾಧಾನಮ್ಮ ಹಾಗೆ ಹಿಡಿದುಕೊಂಡವರಲ್ಲ. ಅವಳು ಚಮಚ ಹಿಡಿದು ಬಾಗಿದಾಗೆಲ್ಲ ಅವರ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಒಮ್ಮೊಮ್ಮೆ ಎಡಗೈಯಿಂದ ಬಟ್ಟಲನ್ನು ತಳ್ಳಿಬಿಡುತ್ತಿದ್ದರು. ಚೆಲ್ಲಿದ ಗಂಜಿಯನ್ನು ಒರೆಸುತ್ತಾ ಮಧುಮತಿಗೆ ಅನ್ನಿಸುತ್ತಿತ್ತು. ಒಂದೇ ಒಂದು ಸಲ, ಒಂದೇ ಒಂದು ಒಳ್ಳೆಯ ಮಾತು ಈ ಬಾಯಿಂದ ಬಂದಿದ್ದರೆ... ದೇವರೇ, ಅದಿಷ್ಟು ಸಾಕಿತ್ತು ನನಗೆ!

ಆಗಸ್ಟ್ ತಿಂಗಳಲ್ಲಿ ಕೆಮ್ಮು, ಜ್ವರ ಹತ್ತಿತು. ಶ್ವಾಸಕೋಶ ಸೋತಿದೆ, ಇನ್ನು ನಾಲ್ಕೈದು ದಿನ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದರು ಡಾಕ್ಟರು. ಸಮಾಧಾನಮ್ಮ ಗಂಜಿಯನ್ನೂ ಬಿಟ್ಟು "ಜಯಾ... ಜಯಾ..." ಎಂಬ ಒಂದೇ ಮಾತನ್ನು ಹಿಡಿದುಕೊಂಡರು. ಜಯಶೀಲನ ಫೋನು ಎರಡು ದಿನದಿಂದ ಸಿಗುತ್ತಿರಲಿಲ್ಲ. ಆ ಕಾಡಂಚಿನಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

"ನೀನೇ ಹೋಗಿ ಕರ್ಕೊಂಡು ಬಾರಮ್ಮ" ಎಂದರು ಈಶ್ವರಮ್ಮ. "ನಾನೂ ನಿನ್ನ ಮಗಳೂ ಇರ್ತೀವಿ. ಹೆತ್ತ ಜೀವ ಹಂಗೆ ಕೂಗ್ತಾ ಇದ್ರೆ ಕೇಳೋಕಾಗಲ್ಲ ಕಣವ್ವಾ..."

ಬೆಳಗಿನ ಮೊದಲ ಬಸ್ಸಿಗೆ ಬನಶಂಕರಿಯಲ್ಲಿ ಹತ್ತಿ ಕನಕಪುರ, ಕೊಳ್ಳೇಗಾಲ ದಾಟಿ ಅವಳು ಹನೂರಿನ ಆಚೆಯ ಆ ಆಶ್ರಮ ತಲುಪಿದಾಗ ಹತ್ತೂವರೆ. ದಾರಿಯುದ್ದಕ್ಕೂ ಗಂಡನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಸಿಡುಕಿನ ಮಾತು, ಚುಚ್ಚುಮಾತು, ನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡ ಮಾತು. ಹೆಂಚಿನ ಉದ್ದನೆಯ ಹಜಾರದ ಬಾಗಿಲಲ್ಲಿ ಹೋಗಿ ನಿಂತವಳು ಹಾಗೇ ನಿಂತುಬಿಟ್ಟಳು.

ಕೊನೆಯ ಮಂಚದ ಮೇಲೆ ಒಬ್ಬ ಮುದುಕ. ಕೆನ್ನೆಯ ಅರ್ಧಭಾಗವನ್ನು ಕ್ಯಾನ್ಸರ್ ತಿಂದುಹಾಕಿತ್ತು. ಕೀವಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಆ ಮುಖಕ್ಕೆ ಗೇಣು ಅಂತರದಲ್ಲಿ ತನ್ನ ಮುಖವಿಟ್ಟು ಜಯಶೀಲ ಹತ್ತಿಯಲ್ಲಿ ಒರೆಸುತ್ತಿದ್ದ. ಗಡ್ಡ ನೆರೆತಿತ್ತು, ಮೈ ಅರ್ಧಕ್ಕಿಳಿದಿತ್ತು. ಮುದುಕನ ಮುಷ್ಟಿ ಅವನ ಅಂಗಿಯ ತೋಳನ್ನು ಹಿಡಿದುಕೊಂಡಿತ್ತು. ಜಯಶೀಲ ಏನೋ ಹೇಳಿದ. ಅರ್ಧ ಮುಖದ ಆ ಮುದುಕ ನಕ್ಕ! ಆ ನಗು ನೋಡಿದ ಮೇಲೆ ಮಧುಮತಿ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಮಧು! ಅಮ್ಮ...?"

"ಇದಾರೆ. ಆದ್ರೆ ಹೆಚ್ಚು ದಿನ ಇಲ್ಲ. ನಿಮ್ಮನ್ನೇ ಕರೀತಿದಾರೆ."

ಅವನು ತಟ್ಟನೆ ಎದ್ದ. "ಬಂದೆ, ಈಗ್ಲೇ ಹೊರಡೋಣ." ಆದರೆ ಅಂಗಿಯ ತೋಳಿನ ಮೇಲಿನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಮುದುಕನ ಗಂಟಲಿನಿಂದ ಕರುವಿನ ಕೂಗಿನಂಥ ಸದ್ದು ಹೊರಟಿತು. ಜಯಶೀಲ ಆ ಕಡೆ ನೋಡಿದ, ಈ ಕಡೆ ನೋಡಿದ. "ಚಿಕ್ಕಬೈರಪ್ಪ ಅಂತ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಲ್ಲಿ ಕೂರ್ಸಿ, ಟೀ ತರ್ತೀವಿ ಅಂತ ಹೇಳಿ ಹೋದ ಮಕ್ಕಳು ತಿರುಗಿ ಬರ್ಲಿಲ್ಲ. ಡಾಕ್ಟ್ರು ಮೈಸೂರಲ್ಲಿ ಅಡ್ಮಿಟ್ ಆಗಿದಾರೆ. ಇವತ್ತು ದಾಟೋದು ಕಷ್ಟ ಇವರಿಗೆ... ಏನ್ಮಾಡ್ಲಿ ಮಧು? ನಾನು ಎದ್ದು ಹೋದ್ರೆ ಇನ್ನೊಂದ್ಸಲ ಬಸ್‌ಸ್ಟ್ಯಾಂಡಲ್ಲಿ ಬಿಟ್ಟ ಹಾಗೆ."

ಅವನ ಕಣ್ಣಿನಲ್ಲಿದ್ದದ್ದು ನೆಪವಲ್ಲ. ಅದು ಯಾತನೆ. ಎರಡು ಕೈ ಎರಡು ಕಡೆಯಿಂದ ಎಳೆದು ನಡುವೆ ಸೀಳಿಹೋಗುತ್ತಿದ್ದ ಮನುಷ್ಯನ ಯಾತನೆ. ಅವನು ಮತ್ತೆ ಕೇಳುವ ಮೊದಲೇ, ಮತ್ತೆ ಆ ಮೂಟೆ ತನ್ನ ಹೆಗಲಿಗೆ ಬರುವ ಮೊದಲೇ ಮಧುಮತಿಯೇ ಹೇಳಿದಳು. "ಕೂತ್ಕೊಳ್ಳಿ. ಇವರನ್ನ ಕಳ್ಸಿಕೊಟ್ಟು ನಾಳೆ ಬೆಳಿಗ್ಗೆ ಬನ್ನಿ. ಅತ್ತೆ ಅಲ್ಲಿವರೆಗೂ ಇರ್ತಾರೆ. ನಾನು ಇಟ್ಕೊಂಡಿರ್ತೀನಿ."

ಹಿಂದಿರುಗುವ ಬಸ್ಸಿನಲ್ಲಿ ಅವಳ ಪ್ರಾರ್ಥನೆ ಒಂದೇ ಆಗಿತ್ತು. ಒಂದು ದಿನ ಕೊಡು ತಂದೆ. ನಿನ್ನ ಕೆಲಸಕ್ಕೆ ನಾಲ್ಕು ವರ್ಷ ಕೊಟ್ಟಿದ್ದೇನೆ. ನನಗೆ ಒಂದೇ ಒಂದು ದಿನ ಕೊಡು!

ಸಿಗಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಉಸಿರು ಏರುಪೇರಾಯಿತು. ಇಂಚರಳೂ ಶಾಲೆಗೆ ಹೋಗದೆ ಮನೆಯಲ್ಲಿದ್ದಳು. ಮಂಚದ ಕಾಲಡಿ ನಿಂತು ಅಜ್ಜಿಯ ಪಾದ ತಿಕ್ಕುತ್ತಿದ್ದಳು. ಮಧುಮತಿ ಒದ್ದೆ ಬಟ್ಟೆಯಿಂದ ಅತ್ತೆಯ ಒಣಗಿದ ತುಟಿ ಒತ್ತುತ್ತಿದ್ದಾಗ ಸಮಾಧಾನಮ್ಮನ ಎಡಗೈ ಗಾಳಿಯಲ್ಲಿ ತಡಕಾಡಿ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ!

"ಜಯಾ... ಬಂದ್ಯಾ?"

ನಾನು ಜಯ ಅಲ್ಲ ಅತ್ತೆ, ಮಧು... ಎಂಬ ಮಾತು ಮಧುಮತಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕುರುಡು ಮುಖದ ಮೇಲೆ ಆಗಷ್ಟೇ ಹತ್ತಿಕೊಂಡ ಬೆಳಕನ್ನು ಹೇಗೆ ಆರಿಸುವುದು? ಅವಳು ದನಿ ತಗ್ಗಿಸಿದಳು. ಈ ಮನೆಗೆ ಬಂದ ಹದಿನೇಳು ವರ್ಷದಲ್ಲಿ ಅತ್ತೆಯನ್ನು ಎಂದೂ ಏಕವಚನದಲ್ಲಿ ಕರೆಯದವಳು ಅಂದು ಕರೆದಳು.

"ಹ್ಞೂ ಅಮ್ಮ. ನಿನ್ನ ಹತ್ರಾನೇ ಇದೀನಿ."

ಮಣಿಕಟ್ಟು ಬಿಟ್ಟು ಎಡಗೈ ಮೇಲೇರಿ ಅವಳ ತಲೆಯನ್ನು ಹುಡುಕಿತು. ಅವಳು ತಲೆ ಬಾಗಿಸಿಕೊಟ್ಟಳು. ಸಮಾಧಾನಮ್ಮನ ತುಟಿ ಪ್ರಾರ್ಥನೆಯಂತೆ ಏನನ್ನೋ ಮಣಮಣಿಸಿತು. ಆಮೇಲೆ, ನಾಲ್ಕೈದು ಮಾತಿಗೇ ನಿಂತುಹೋಗಿದ್ದ ನಾಲಿಗೆ ಆ ಗಳಿಗೆಗೆ ಸಡಿಲಾದಂತೆ, ಒಂದೊಂದೇ ಮಾತು ನಡುನಡುವೆ ಉಸಿರಿಗೆ ತಡೆದು ತಡೆದು ಹೊರಬಂತು.

"ಅವಳು... ಒಳ್ಳೇವಳು ಕಣೋ... ನನ್ನ ಹೇಲು ಉಚ್ಚೆ... ಎಲ್ಲಾ ಬಾಚಿದ್ಲು... ನಾನು ಪಾಪಿ... ಒಂದಿನಾನೂ ನೆಟ್ಟಗೆ ಮಾತಾಡ್ಲಿಲ್ಲ..." ಕೈ ತಲೆಯ ಮೇಲೆ ಬಿಗಿಯಾಯಿತು. "ಇನ್ನು... ಅವಳನ್ನ ಬಿಟ್ಟು ಹೋಗ್ಬೇಡ... ಆಣೆ... ಇಡು..."

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು! ಆದರೆ ಬಂದದ್ದು ಬೇರೊಬ್ಬರ ವಿಳಾಸಕ್ಕೆ. ತನ್ನ ಹೊಗಳಿಕೆಯನ್ನು ತಾನೇ ಗಂಡನಾಗಿ ಕೇಳಿಸಿಕೊಳ್ಳಬೇಕಾಗಿತ್ತು. 'ಅತ್ತೆ, ಅವಳು ನಾನೇ' ಎಂದು ಅಪ್ಪಿಕೊಳ್ಳುವಂತಿರಲಿಲ್ಲ. ಮಧುಮತಿ ಕೆಳತುಟಿಯನ್ನು ಕಚ್ಚಿ ಹಿಡಿದಳು. ಕಣ್ಣೀರು ಮುದುಕಿಯ ಕೊರಳ ಮೇಲೆ ಬೀಳದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, "ಹ್ಞೂ ಅಮ್ಮ" ಎಂದಳು.

ಹತ್ತು ಗಂಟೆಗೆ ಮೊದಲೇ ಎಲ್ಲ ಮುಗಿದಿತ್ತು. ಈಶ್ವರಮ್ಮ ಬಂದು ಕಣ್ಣೆವೆ ಸವರಿ ಮುಚ್ಚಿದರು.

ಜಯಶೀಲ ಬಂದದ್ದು ಮಧ್ಯಾಹ್ನ. ಚಿಕ್ಕಬೈರಪ್ಪ ಬೆಳಗಿನ ಜಾವ ಅವನ ತೋಳಿನಲ್ಲೇ ತೀರಿಕೊಂಡಿದ್ದ. ಸಿಕ್ಕ ಮೊದಲ ಬಸ್ಸಿಗೆ ಅವನು ಹತ್ತಿದ್ದ. ಮನೆಯ ಮುಂದೆ ಹಾಕಿದ ಶಾಮಿಯಾನ ಕಂಡು ಗೇಟಿನ ಹತ್ತಿರವೇ ಮಂಡಿಯೂರಿಬಿಟ್ಟ. ಹೊಸೂರು ರಸ್ತೆಯ ಸಮಾಧಿಭೂಮಿಯಲ್ಲಿ ಅಯ್ಯನವರು ಪ್ರಾರ್ಥಿಸಿ ಮುಗಿಸಿದ ಮೇಲೂ ಅವನ ಹಿಡಿಯೊಳಗಿನ ಮಣ್ಣು ಕೆಳಗೆ ಬೀಳಲಿಲ್ಲ. ಕೊನೆಗೆ ಇಂಚರಳೇ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಐದನೆಯ ದಿನ, ಬಂದಿದ್ದ ನೆಂಟರೆಲ್ಲ ಹೋದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ ಅವನು ಖಾಲಿ ಮಂಚದ ಅಂಚಿನಲ್ಲಿ ಕುಳಿತಿದ್ದ. ಮಧುಮತಿ ಹಾಸಿಗೆ ಬಟ್ಟೆಗಳನ್ನು ಮಡಚಿಡುತ್ತಿದ್ದಳು. ಇಂಚರ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಕೊನೇಲಿ ಅಮ್ಮ ಏನಾದ್ರೂ ಅಂದ್ಲಾ ಮಧು?"

"ನಾನೇ ನೀವು ಅಂದ್ಕೊಂಡ್ರು. ನಾನು ಅಲ್ಲ ಅನ್ಲಿಲ್ಲ. ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದ್ರು. ಅದು ನಿಮಗೆ ಸೇರಿದ್ದು, ತಗೊಳ್ಳಿ."

"ನನ್ನ ಮೇಲೆ ಸಿಟ್ಟು...?"

"ಒಂದು ಚೂರೂ ಇರ್ಲಿಲ್ಲ."

ಜಯಶೀಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈ ತೆಗೆದು ಕೇಳಿದ. "ಬೇರೇನೂ ಹೇಳ್ಲಿಲ್ವಾ?"

ಅಡಿಗೆಮನೆಯ ನಲ್ಲಿ ನಿಂತಿತು. ಇಂಚರ ಬಾಗಿಲಿಗೆ ಬಂದು ನಿಂತಿದ್ದು ಮಧುಮತಿಗೆ ಗೊತ್ತಾಯಿತು. ಆ ಮಾತು ಅವಳ ನಾಲಿಗೆಯ ಮೇಲೆಯೇ ಇತ್ತು. ತಾಯಿ ಸಾಯುವಾಗ ಕೇಳಿದ ಆಣೆ! ಹೇಳಿದರೆ ಸಾಕು, ಈ ಮನುಷ್ಯ ಇನ್ನು ಹೊಸಿಲು ದಾಟುವುದಿಲ್ಲ. ಸಂಜೆ ಬಾಗಿಲು ತೆರೆಯಲು ಒಬ್ಬರಿರುತ್ತಾರೆ. ಮಗಳಿಗೆ ಅಪ್ಪ ಇರುತ್ತಾನೆ. ಜ್ವರ ಬಂದರೆ ಹಣೆ ಮುಟ್ಟಲು ಒಂದು ಕೈ ಇರುತ್ತದೆ... ಅವಳು ಗಂಡನ ಮುಖ ನೋಡಿದಳು. ಅವನಾಗಿಯೇ ಹೇಳಲಿ ಎಂದು ಕಾದಳು. 'ನಾನಿನ್ನು ಹೋಗಲ್ಲ' ಎಂದು ಒಂದೇ ಮಾತು ಹೇಳಲಿ. ಅವನು ಹೇಳಲಿಲ್ಲ. ಅವನ ಕಣ್ಣು ಕಿಟಕಿಯಾಚೆ ಎಲ್ಲೋ ಇತ್ತು.

"ಇಲ್ಲ. ಅಷ್ಟೇ" ಎಂದಳು ಮಧುಮತಿ.

ಅವನು ಕಿಟಕಿಯಿಂದ ಅವಳತ್ತ ತಿರುಗಿದ. "ಇಂಚರಳ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನೀವಿಬ್ರೂ ಅಲ್ಲಿಗೇ ಬನ್ನಿ ಮಧು. ಒಟ್ಟಿಗೆ ಇರೋಣ."

"ಕರೆ ಬಂದಿದ್ದು ನಿಮಗೆ ರೀ. ನನ್ನನ್ನೂ ಅಲ್ಲಿಗೆ ಕರೆದಿದ್ರೆ ನಂಗೂ ಕೇಳಿಸ್ತಿತ್ತು. ನಂಗೆ ಬಂದ ಕರೆ ಈ ಮಂಚದ್ದು." ಅವಳು ಮಡಚಿದ ಬೆಡ್‌ಶೀಟನ್ನು ಸುಮ್ಮನೆ ಮತ್ತೊಮ್ಮೆ ಬಿಡಿಸಿ ಮಡಚಿದಳು. "ನಾಳೆ ಯಾವ ಬಸ್ಸು?"

"ಆರೂಕಾಲಿನದು" ಎಂದ ಅವನು, ಬಹಳ ಮೆಲ್ಲಗೆ.

ಮರುದಿನ ಅವನ ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಮಧುಮತಿ ಗೇಟಿನಲ್ಲಿ ನಿಂತಿದ್ದಳು. ಒಳಗೆ ಬಂದಾಗ ಇಂಚರ ನಡುಮನೆಯಲ್ಲಿ ಅವಳನ್ನೇ ಕಾಯುತ್ತಿದ್ದಳು. ಹದಿನಾರಕ್ಕೆ ಬಂದ ಹುಡುಗಿಯ ಕಣ್ಣುಗಳು ಕೆಂಡದಂತಿದ್ದವು.

"ಅಜ್ಜಿ ಹೇಳಿದ್ದು ನಾನೂ ಕೇಳಿಸ್ಕೊಂಡಿದೀನಿ. ಬಿಟ್ಟು ಹೋಗ್ಬೇಡ ಅಂದ್ರು. ಆಣೆ ಇಡು ಅಂದ್ರು. ಅಪ್ಪಂಗೆ ಯಾಕಮ್ಮ ಹೇಳ್ಲಿಲ್ಲ? ಯಾಕೆ?"

"ಹೇಳಿದ್ರೆ ಇದ್ಬಿಡ್ತಿದ್ರು ಕಣೇ."

"ಇರ್ಲಿ ಅಂತ ತಾನೇ ನಿಂಗೂ ಇಷ್ಟ!"

ಮಧುಮತಿ ಗೋಡೆಗೆ ಕೈ ಊರಿ ನಿಧಾನಕ್ಕೆ ನೆಲದ ಮೇಲೆ ಕುಳಿತಳು. "ಅಲ್ಲಿ ಅವ್ರ ಅಂಗಿ ಹಿಡ್ಕೊಂಡಿರೋರನ್ನ ನೋಡಿದೀನಿ ನಾನು. ಆ ಕೈಗಳನ್ನ ಬಿ‌ಡಿಸೋಕೆ ನನ್ನ ಕೈಲಿ ಆಗ್ಲಿಲ್ಲ." ಅವಳ ದನಿ ಒಡೆಯಿತು. "ಮತ್ತೆ... ಇದ್ರೂ ನಿಮ್ಮಜ್ಜಿ ಮಾತಿಗೋಸ್ಕರ ಇರ್ತಿದ್ರು ಇಂಚು. ನಂಗೋಸ್ಕರ ಅಲ್ಲ..."

ನಾಲ್ಕು ವರ್ಷ ಮಗಳ ಮುಂದೆ ಒಂದು ಹನಿ ಕಣ್ಣೀರು ಹಾಕದಿದ್ದ ಮಧುಮತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಇಂಚರ ಅಮ್ಮನ ಪಕ್ಕದಲ್ಲಿ ಕುಳಿತು, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಶಾಲೆಯ ಹೊತ್ತಾಗುವವರೆಗೂ ತಾಯಿ ಮಗಳಿಬ್ಬರೂ ಆ ಬರಿನೆಲದ ಮೇಲೆ ಹಾಗೇ ಕುಳಿತಿದ್ದರು.